ಯಾರ ಕೈ ಕೆಸರು, ಯಾರ ಬಾಯಿ ಮೊಸರು?
(ಗೆಲುವಿನ ಪುಸ್ತಕಗಳ ಬಗ್ಗೆ ಕೆಲವು ಮಾತು)

ಈ ಬರಹಕ್ಕೆ ಕಾರಣವಾದದ್ದು ಒಂದು ಪುಸ್ತಕ. ಅದನ್ನು ನನಗೆ ತಂದುಕೊಟ್ಟವನು ಆನೇಕಲ್ ಕಡೆಯ ನಮ್ಮ ಸ್ಕೂಲಿನಲ್ಲಿ ಹತ್ತನೇ ಕ್ಲಾಸು ಮುಗಿಸಿ, ಐಟಿಐ ಮಾಡಿ, ಪೀಣ್ಯದ ಎರಡನೇ ಹಂತದ ಒಂದು ಪ್ರೆಸ್ ಶಾಪಿನಲ್ಲಿ ಕಂಟ್ರಾಕ್ಟ್ ಮೇಲೆ ದುಡಿಯುವ ನಮ್ಮ ಕೇರಿಯ ಹುಡುಗ. ಯುಗಾದಿಗೆ ಊರಿಗೆ ಬಂದಿದ್ದ. "ಮೇಷ್ಟ್ರೇ, ಇದನ್ನ ನೀವು ಓದ್ಲೇಬೇಕು. ನನ್ನ ಲೈಫನ್ನೇ ಚೇಂಜ್ ಮಾಡ್ತು ಸಾ" ಅಂದ. ಪುಸ್ತಕ ಬಲಗೈಲಿತ್ತು. ಎಡಗೈ ಜೇಬಿನಿಂದ ಆಚೆ ಬರಲೇ ಇಲ್ಲ. ಕಾಫಿ ಲೋಟ ಆರಿಸಿಕೊಳ್ಳುವಾಗ ಬಂತು. ಎರಡು ಬೆರಳು ಇರಲಿಲ್ಲ.

"ಏನೋ ಇದು?" ಅಂದೆ.

"ಪವರ್ ಪ್ರೆಸ್ ಸಾ. ನಂದೇ ತಪ್ಪು. ಏಕಾಗ್ರತೆ ಇರ್ಲಿಲ್ಲ."

ರಾತ್ರಿ ಕೂತು ಪುಸ್ತಕ ಬಿಚ್ಚಿದೆ. ಅದರ ಹೆಸರು ಬೇಡ. ಮೆಜೆಸ್ಟಿಕ್ಕಿನ ಫುಟ್‌ಪಾತಿನಲ್ಲಿ, ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಸಾಲಾಗಿ ಜೋಡಿಸಿಟ್ಟಿರುವ ಹತ್ತು ಪುಸ್ತಕಗಳಲ್ಲಿ ಅದು ಯಾವುದಾದರೂ ಆಗಬಹುದು. ಗೆಲ್ಲುವುದು ಹೇಗೆ, ವ್ಯಾಪಾರ ಬೆಳೆಸುವುದು ಹೇಗೆ, ವ್ಯಕ್ತಿತ್ವ ತಿದ್ದಿಕೊಳ್ಳುವುದು ಹೇಗೆ ಎಂದು ದಿನಕ್ಕೊಂದು ಪಾಠ. ಒಂದು ಪುಟದಲ್ಲಿ, ನಿನ್ನ ಬದುಕಿನಲ್ಲಿ ಆದದ್ದಕ್ಕೆಲ್ಲ ನೀನೇ ಹೊಣೆ ಎಂಬರ್ಥದ ಮಾತಿನ ಕೆಳಗೆ ಹುಡುಗ ಗೆರೆ ಎಳೆದಿದ್ದ. ಪಕ್ಕದ ಅಂಚಿನಲ್ಲಿ ಪೆನ್ಸಿಲಿನಿಂದ ಒಂದೇ ಒಂದು ಪದ ಬರೆದಿದ್ದ: "ಬೆರಳು".

ಗೆಳೆಯರೆ, ನಾವು ಐನೂರು ಪ್ರತಿ ಅಚ್ಚಾದ ಕವನ ಸಂಕಲನದ ಮೇಲೆ ಹತ್ತು ಪುಟ ಜಗಳ ಆಡುತ್ತೇವೆ. ಅದು ಬೇಕು, ಬೇಡ ಅನ್ನುವುದಿಲ್ಲ. ಆದರೆ ನಮ್ಮ ಹಟ್ಟಿಗಳಿಂದ ಹೋದ ಹುಡುಗ ಹುಡುಗಿಯರು ತಮ್ಮ ಓಟಿ ದುಡ್ಡಿನಲ್ಲಿ ಕೊಂಡು, ಗೆರೆ ಎಳೆದು, ಬಾಯಿಪಾಠ ಮಾಡುವ ಪುಸ್ತಕ ಯಾವುದು ಅಂತ ಎಂದಾದರೂ ನೋಡಿದ್ದೀವಾ? ಅದು ಸಾಹಿತ್ಯವೇ ಅಲ್ಲ ಅಂತ ಮೂಗು ಮುರಿದು ಪಕ್ಕಕ್ಕಿಟ್ಟಿದ್ದೇವೆ. ಹೀಗೆ ಮೂಗು ಮುರಿಯುವ ಚಾಳಿ ಯಾರದು, ಅದನ್ನು ನಾವು ಯಾರಿಂದ ಕಲಿತೆವು ಎಂಬುದನ್ನೂ ಯೋಚಿಸಬೇಕು. ಲಕ್ಷಾಂತರ ದುಡಿಯುವ ಜನರ ತಲೆಯೊಳಗೆ ಕೂತ ಬರವಣಿಗೆಯನ್ನು ವಿಮರ್ಶೆ ಮುಟ್ಟದಿದ್ದರೆ ಆ ವಿಮರ್ಶೆಗೂ ಮಡಿ ಬಂದಿದೆ ಅಂತಲೇ ಅರ್ಥ.

*

ನಮ್ಮಜ್ಜನ ಕಾಲದಲ್ಲಿ ಪುರೋಹಿತ ಹೇಳುತ್ತಿದ್ದ: ಇದು ಹಿಂದಿನ ಜನ್ಮದ ಪಾಪ, ಅನುಭವಿಸು. ಅಜ್ಜ ಅದನ್ನು ಪೂರಾ ನಂಬಿದ್ದನೋ ಇಲ್ಲವೋ. ಹಗಲೆಲ್ಲ ಜೀತ ಮಾಡಿ, ಸಂಜೆ ಹೊತ್ತು ಎರಡು ಬಟ್ಟಲು ಇಳಿಸಿ, ಧಣಿಯ ವಂಶವನ್ನೆಲ್ಲ ಬೈಯುವುದನ್ನಂತೂ ಬಿಟ್ಟಿರಲಿಲ್ಲ. ಈಗ ಮೊಮ್ಮಗನಿಗೆ ಹೊಸ ಪುರೋಹಿತ ಸಿಕ್ಕಿದ್ದಾನೆ. ಪಾಪ ಹಿಂದಿನ ಜನ್ಮದ್ದಲ್ಲವಂತೆ, ಈಗಿನ ಆಲೋಚನೆಯದಂತೆ. ಬಡವನಾಗಿರುವುದು ಬಡವನಂತೆ ಯೋಚಿಸುವುದರಿಂದಂತೆ. ಅಜ್ಜನಿಗೆ ಬೈಯಲು ಒಬ್ಬ ಧಣಿಯಾದರೂ ಇದ್ದ. ಮೊಮ್ಮಗನಿಗೆ ಬೈದುಕೊಳ್ಳಲು ತಾನೊಬ್ಬನೇ ಉಳಿದಿದ್ದಾನೆ. ಕರ್ಮಸಿದ್ಧಾಂತ ಜನಿವಾರ ಬಿಚ್ಚಿಟ್ಟು ಟೈ ಕಟ್ಟಿಕೊಂಡು ಬಂದರೆ ಹೀಗಿರುತ್ತದೆ.

ಈ ಬರವಣಿಗೆ ಎಲ್ಲಿಂದ ಹುಟ್ಟಿತು ಅಂತ ಹುಡುಕುತ್ತಾ ಹೋದರೆ ಒಂದು ಸ್ವಾರಸ್ಯ ಸಿಗುತ್ತದೆ. ಈ ಜಾತಿಯ ಪುಸ್ತಕಗಳಿಗೆಲ್ಲ ತಾತನಂತಿರುವುದು ಸ್ಯಾಮ್ಯುಯೆಲ್ ಸ್ಮೈಲ್ಸ್ ಎಂಬ ಸ್ಕಾಟ್ಲೆಂಡಿನವನು 1859ರಲ್ಲಿ ಬರೆದ 'ಸೆಲ್ಫ್ ಹೆಲ್ಪ್'. ಆ ಪುಸ್ತಕ ಬೆಳೆದದ್ದು 1845ರ ಸುಮಾರಿಗೆ ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಅವನು ಮಾಡಿದ ಭಾಷಣಗಳಿಂದ. ಕೇಳಲು ಕೂತವರು ಯಾರು? ಕೆಲಸಗಾರ ಹುಡುಗರು. ಹಗಲು ದುಡಿದು ಸಂಜೆ ಸೇರಿ, ಅಕ್ಷರ ಬಂದವನು ಬಾರದವನಿಗೆ, ಲೆಕ್ಕ ಬಂದವನು ಬಾರದವನಿಗೆ ಹೇಳಿಕೊಟ್ಟುಕೊಂಡು ತಾವೇ ಕಟ್ಟಿಕೊಂಡಿದ್ದ ಒಂದು ಸಂಜೆ ಶಾಲೆ ಅದು. ಅಂದರೆ ಸ್ವಸಹಾಯದ ಈ ಪುಸ್ತಕ ಹುಟ್ಟಿದ್ದು ಪರಸ್ಪರ ಸಹಾಯದ ತೊಟ್ಟಿಲಲ್ಲಿ. ಅಚ್ಚಿನ ಪುಸ್ತಕವಾಗಿ ಊರೂರು ಸುತ್ತುವ ಹೊತ್ತಿಗೆ ಕೂಸು ಉಳಿಯಿತು, ತೊಟ್ಟಿಲು ಮಾಯವಾಯಿತು. ಹತ್ತು ಜನ ಸೇರಿ ಒಂದು ಬೆಂಚಿನ ಮೇಲೆ ಕಲಿತದ್ದು ಒಬ್ಬೊಬ್ಬ ಮಹಾನುಭಾವನ ಸಾಧನೆಯ ಕಥೆಯಾಯಿತು.

ಆಮೇಲೆ ಅಮೆರಿಕದಿಂದ ಬಂದವು. ನೆಪೋಲಿಯನ್ ಹಿಲ್ ಶ್ರೀಮಂತನಾಗುವ ಗುಟ್ಟಿನ ಪುಸ್ತಕ ಬರೆದದ್ದು 1937ರಲ್ಲಿ; ಅಮೆರಿಕದ ದೊಡ್ಡ ಆರ್ಥಿಕ ಕುಸಿತದಲ್ಲಿ ಕೋಟಿಗಟ್ಟಲೆ ಜನ ಕೆಲಸ ಕಳೆದುಕೊಂಡು ಗಂಜಿಯ ಸಾಲಿನಲ್ಲಿ ನಿಂತಿದ್ದ ದಶಕ. ಆ ಸಾಲಿನಲ್ಲಿ ನಿಂತವನಿಗೆ ಹಿಲ್ ಹೇಳಿದ್ದು, ಮನಸ್ಸಿದ್ದರೆ ಹಣ ಬರುತ್ತದೆ ಅಂತ. ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿ ಆ ಗುಟ್ಟನ್ನು ತನಗೆ ಹೇಳಿಕೊಟ್ಟ ಎಂದು ಬರೆದುಕೊಂಡ. ಆದರೆ ಅದೇ ಕಾರ್ನೆಗಿಯ ಹೋಂಸ್ಟೆಡ್ ಕಾರ್ಖಾನೆಯಲ್ಲಿ 1892ರಲ್ಲಿ ಕೂಲಿ ಇಳಿಸಿದ್ದಕ್ಕೆ ಎದುರು ನಿಂತ ಕಾರ್ಮಿಕರ ಮೇಲೆ ಬಾಡಿಗೆ ಬಂಟರನ್ನು ಛೂ ಬಿಟ್ಟದ್ದು, ಹೆಣ ಬಿದ್ದದ್ದು ಗುಟ್ಟಿನ ಪಟ್ಟಿಯಲ್ಲಿ ಬರುವುದಿಲ್ಲ. ನಮ್ಮ ಕಾಲದಲ್ಲಿ ಶ್ರೀಮಂತ ಅಪ್ಪ, ಬಡ ಅಪ್ಪ ಎಂದು ಇಬ್ಬರು ಅಪ್ಪಂದಿರ ಕಥೆ ಹೇಳಿ ಜಗತ್ತನ್ನೆಲ್ಲ ಮರುಳು ಮಾಡಿದ ರಾಬರ್ಟ್ ಕಿಯೋಸಾಕಿಯ ಪುಸ್ತಕ ಬಂದದ್ದು 1997ರಲ್ಲಿ. ಅವನ ಕಂಪನಿಗಳಲ್ಲಿ ಒಂದು 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ಪುಸ್ತಕದ ವ್ಯಾಪಾರ ಮಾತ್ರ ನಿಲ್ಲಲಿಲ್ಲ.

ಕನ್ನಡದಲ್ಲೂ ಬೆಳೆ ಚೆನ್ನಾಗಿ ಬಂದಿದೆ. ತೆಲುಗಿನ ಯಂಡಮೂರಿ ವೀರೇಂದ್ರನಾಥರ 'ವಿಜಯಕ್ಕೆ ಐದು ಮೆಟ್ಟಿಲು' ಓದದ ಹಾಸ್ಟೆಲ್ ಹುಡುಗರು ಒಂದು ಕಾಲಕ್ಕೆ ಕಡಿಮೆ. ಸ್ವಾಮಿ ಜಗದಾತ್ಮಾನಂದರ 'ಬದುಕಲು ಕಲಿಯಿರಿ' ನಮ್ಮ ಶಾಲೆಗಳಲ್ಲಿ ಬಹುಮಾನದ ಪುಸ್ತಕ. ನನ್ನ ಕೈಯಾರೆ ನಾನೇ ಕೊಟ್ಟಿದ್ದೇನೆ. ಹೆದರಿ ಮೂಲೆ ಸೇರಿದ ಹುಡುಗನನ್ನು ತಟ್ಟಿ ಎಬ್ಬಿಸುವ ಮಾತು ಅವುಗಳಲ್ಲಿ ಇದೆ ಎಂಬುದನ್ನು ಅಲ್ಲಗಳೆಯುವುದು ಪ್ರಾಮಾಣಿಕತೆಯಲ್ಲ. ಸಂತೆಯಲ್ಲಿ ನಾಲ್ಕು ಜನರ ಮುಂದೆ ಬಾಯಿ ಬಿಡಲು ಹೆದರುತ್ತಿದ್ದ ನಮ್ಮ ಹುಡುಗರು ಇಂಥ ಪುಸ್ತಕ ಓದಿ ಇಂಟರ್‌ವ್ಯೂನಲ್ಲಿ ತಲೆಯೆತ್ತಿ ಮಾತಾಡಿದ್ದನ್ನು ಕಂಡಿದ್ದೇನೆ. ನನ್ನ ತಕರಾರು ಅಲ್ಲಿಲ್ಲ. ಹುಡುಗ ಯಾಕೆ ಹೆದರಿದ, ಅವನ ತಲೆ ಬಗ್ಗಿಸಿದವರು ಯಾರು, ಈ ಪ್ರಶ್ನೆ ಬಂದ ಕೂಡಲೇ ಈ ಬಗೆಯ ಬರವಣಿಗೆ ಪುಟ ತಿರುಗಿಸಿಬಿಡುತ್ತದೆ. ರೋಗಕ್ಕೆ ಹೆಸರಿಡದೆ ಮದ್ದು ಮಾರುವುದು ಅದರ ಕಸುಬು.

ಈ ಪುಸ್ತಕಗಳ ಕಟ್ಟಡವನ್ನೇ ನೋಡಿ. ಅದರೊಳಗಿನ ನಾಯಕನಿಗೆ ಊರಿಲ್ಲ, ಕೇರಿಯಿಲ್ಲ, ಜಾತಿಯಿಲ್ಲ. ಸೊನ್ನೆಯಿಂದ ಶುರು ಮಾಡುತ್ತಾನೆ. ಅಡ್ಡಿಗಳೆಲ್ಲ ಮನಸ್ಸಿನ ಒಳಗೇ ಇರುತ್ತವೆ: ಸೋಮಾರಿತನ, ಅನುಮಾನ, ಭಯ. ಹೊರಗೆ ಗೋಡೆಯೇ ಇಲ್ಲ. ಇದಕ್ಕೆ ಎದುರಾಗಿ ಕನ್ನಡದ ದಲಿತ ಆತ್ಮಕಥೆಗಳನ್ನು ಇಟ್ಟು ನೋಡಿ. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ', ಸಿದ್ಧಲಿಂಗಯ್ಯನವರ 'ಊರು ಕೇರಿ'. ಅಲ್ಲಿಯೂ ಕೆಳಗಿನಿಂದ ಮೇಲಕ್ಕೆ ಬಂದವರ ಕಥೆಯೇ ಇದೆ. ಬೇಕೆಂದರೆ ಗೆಲುವು ಅನ್ನಿ. ಆದರೆ ಅಲ್ಲಿ 'ನಾನು' ಎಂದಾಗ ಹಿಂದೆ ಇಡೀ ಕೇರಿ ನಿಂತಿರುತ್ತದೆ. ಹೊರಗಿನ ಗೋಡೆ ಎಲ್ಲಿತ್ತು, ಎಷ್ಟು ಎತ್ತರ ಇತ್ತು, ದಾಟುವಾಗ ಯಾರು ಬೆನ್ನು ಕೊಟ್ಟರು ಎಲ್ಲವೂ ಇರುತ್ತದೆ. ಎರಡೂ ಮೇಲೇರಿದವರ ಕಥೆಗಳೇ. ಒಂದರಲ್ಲಿ ಏಣಿ ಕಾಣುತ್ತದೆ, ಇನ್ನೊಂದರಲ್ಲಿ ಏಣಿಯನ್ನು ಬಚ್ಚಿಟ್ಟಿರುತ್ತಾರೆ.

*

ದೂರದ ಮಾತು ಬೇಡ. ಹೊಸೂರು ರಸ್ತೆಯಲ್ಲೇ ನಮ್ಮ ನಾಡಿನ ದೊಡ್ಡ ಗೆಲುವಿನ ಕಥೆ ಇದೆ. 1981ರಲ್ಲಿ ಏಳು ಜನ, ಸುಧಾ ಮೂರ್ತಿಯವರು ಕೊಟ್ಟ 10,000 ರೂಪಾಯಿಯಲ್ಲಿ ಪುಣೆಯಲ್ಲಿ ಇನ್ಫೋಸಿಸ್ ಶುರು ಮಾಡಿದರು. 1983ರಲ್ಲಿ ಬೆಂಗಳೂರಿಗೆ ಬಂದರು, 1994ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಹೋದರು, 1999ರಲ್ಲಿ ಅಮೆರಿಕದ ನಾಸ್ಡಾಕ್ ಷೇರುಪೇಟೆ ಸೇರಿದರು. ಮೇಷ್ಟರ ಮಗ ನಾರಾಯಣ ಮೂರ್ತಿಯವರ ಶ್ರಮವನ್ನು ಮೇಷ್ಟರಾದ ನಾನು ಕಡೆಗಣಿಸಲಾರೆ. ಟ್ರೈನಿಂಗ್ ಕೊಡಲು ಬರುವವರು ಈ ಕಥೆಯನ್ನು ಹೇಳಿ, ನೋಡಿ, ಹತ್ತು ಸಾವಿರ ಸಾಕು, ಛಲ ಇರಬೇಕು ಅಷ್ಟೇ ಅನ್ನುತ್ತಾರೆ.

ಬಚ್ಚಿಟ್ಟ ಏಣಿಯನ್ನು ಹುಡುಕೋಣ. ಮೂರ್ತಿಯವರು ಓದಿದ್ದು ಮೈಸೂರಿನ ಎನ್.ಐ.ಇ.ಯಲ್ಲಿ, ಆಮೇಲೆ ಸರ್ಕಾರದ ಖರ್ಚಿನ ಕಾನ್ಪುರದ ಐ.ಐ.ಟಿ.ಯಲ್ಲಿ. ಎಲೆಕ್ಟ್ರಾನಿಕ್ ಸಿಟಿಯನ್ನು ಯಾವ ಕಂಪನಿಯೂ ಕಟ್ಟಲಿಲ್ಲ, 1978ರಲ್ಲಿ ಆರ್.ಕೆ. ಬಾಳಿಗರ ಮುಂದಾಳುತನದಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಅದನ್ನು ಹುಟ್ಟುಹಾಕಿತು. 1991ರಲ್ಲಿ ಕೇಂದ್ರ ಸರ್ಕಾರ ಸಾಫ್ಟ್‌ವೇರ್ ಪಾರ್ಕುಗಳ ಸಂಸ್ಥೆ ಮಾಡಿತು. ಸಾಫ್ಟ್‌ವೇರ್ ರಫ್ತಿನ ಲಾಭಕ್ಕೆ 2011ರವರೆಗೂ ಆದಾಯ ತೆರಿಗೆಯ ರಿಯಾಯಿತಿ ಇತ್ತು. ಬೆಂಗಳೂರಿನಲ್ಲಿ ಇಂಜಿನಿಯರುಗಳ ಬೆಳೆ ಬಂದದ್ದು ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್.ನಂಥ ಸಾರ್ವಜನಿಕ ಕಾರ್ಖಾನೆಗಳು ಮೂವತ್ತು ವರ್ಷ ಗೊಬ್ಬರ ಹಾಕಿದ್ದರಿಂದ. ಇವೆಲ್ಲ ತಪ್ಪಲ್ಲ. ಸರ್ಕಾರ ಮಾಡಬೇಕಾದ ಕೆಲಸವೇ. ಆದರೆ ಒಬ್ಬನಿಗೆ ಸಿಕ್ಕ ಇಷ್ಟನ್ನೆಲ್ಲ ಛಲ ಎಂದು ಕರೆದು, ನಮ್ಮ ಹುಡುಗನಿಗೆ ಸಿಕ್ಕ ಸ್ಕಾಲರ್‌ಶಿಪ್ಪನ್ನು ಮಾತ್ರ ಬಿಟ್ಟಿ ಎಂದು ಕರೆಯುವುದು ಯಾವ ನ್ಯಾಯ?

ಅದೇ 1978ರಲ್ಲಿ ನಮ್ಮ ರಾಜ್ಯ ಇನ್ನೊಂದು ಕೆಲಸ ಮಾಡಿತು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಪರಭಾರೆ ಆಗಬಾರದೆಂದು ಪಿ.ಟಿ.ಸಿ.ಎಲ್. ಕಾಯಿದೆ ತಂದಿತು. 1984ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮುಂದೆ ಐ.ಟಿ. ಬಂದು ಸರ್ಜಾಪುರ, ವೈಟ್‌ಫೀಲ್ಡ್, ಆನೇಕಲ್ ಕಡೆ ಗುಂಟೆಗೆ ಚಿನ್ನದ ಬೆಲೆ ಬರುವ ಹೊತ್ತಿಗೆ ಎಷ್ಟೋ ದರಖಾಸ್ತು ಜಮೀನು ಮದುವೆಯ ಸಾಲಕ್ಕೋ ಆಸ್ಪತ್ರೆಯ ಬಿಲ್ಲಿಗೋ ಕೈಬಿಟ್ಟು ಹೋಗಿತ್ತು. ವಾಪಸು ಕೇಳಲು ಹೋದವರಿಗೆ, ತಡವಾಗಿ ಬಂದಿರಿ ಎಂಬ ಮಾತು 2017ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಅಡ್ಡ ಬಂತು. ನಮ್ಮವರು ಹೋರಾಡಿ, 2023ರಲ್ಲಿ ಆ ಕಾಲಮಿತಿ ಅಡ್ಡ ಬರಬಾರದೆಂದು ಕಾಯಿದೆಗೆ ತಿದ್ದುಪಡಿ ಆಯಿತು. ಆ ಎರಡು ಎಕರೆಯೇ ನಮ್ಮ ಹತ್ತು ಸಾವಿರ ರೂಪಾಯಿ ಆಗಬೇಕಿತ್ತು. ಬಂಡವಾಳ ಅಂದರೇನು ಎಂಬ ಪಾಠ ಯಾವ ಗೆಲುವಿನ ಪುಸ್ತಕಕ್ಕಿಂತ ಚೆನ್ನಾಗಿ ಈ ಕಾಯಿದೆಯ ಚರಿತ್ರೆಯಲ್ಲಿದೆ.

*

ಇನ್ನು ದುಡಿಮೆಯ ಪಾಠ. 2023ರ ಅಕ್ಟೋಬರಿನಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಕಂಪನಿಯ ಮುಖ್ಯಸ್ಥರ 90 ಗಂಟೆಯ ಮಾತು ಬಂತು. ಹರಾಜು ಕೂಗಿದ ಹಾಗೆ. ಇವರು ಬರೀ ಮಾತಾಡಿದರು ಅಂದುಕೊಳ್ಳಬೇಡಿ. 2023ರ ಫೆಬ್ರವರಿಯಲ್ಲೇ ನಮ್ಮ ವಿಧಾನಮಂಡಲ ಕಾರ್ಖಾನೆಗಳಲ್ಲಿ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿಕೊಡುವ ತಿದ್ದುಪಡಿ ಒಪ್ಪಿತ್ತು. 2024ರ ಜುಲೈನಲ್ಲಿ ಐ.ಟಿ.ಯಲ್ಲಿ ದಿನಕ್ಕೆ 14 ಗಂಟೆಯ ಪ್ರಸ್ತಾಪ ಬಂದಾಗ, 2017ರಲ್ಲಿ ಹುಟ್ಟಿದ ಐ.ಟಿ. ನೌಕರರ ಸಂಘ ಕಿಟು ಬೀದಿಗೆ ಬಂತು. ಕೋಟು ಹಾಕಿದವನಿಗೂ ಸಂಘ ಬೇಕಾಗುತ್ತದೆ ಎಂಬುದು ಆಗ ಗೊತ್ತಾಯಿತು.

ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸ್‌ರಾಯ್ ಕೌನ್ಸಿಲ್ಲಿನಲ್ಲಿ ಕಾರ್ಮಿಕ ಖಾತೆ ನೋಡಿಕೊಂಡರು. ಆ ಕೆಲಸದ ಫಲವಾಗಿ 1946ರಲ್ಲಿ ಕಾರ್ಖಾನೆಯ ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿಯಿತು. ದಿನಕ್ಕೆ ಹದಿನೆಂಟು ಗಂಟೆ ಓದುತ್ತಿದ್ದರೆಂದು ನಾವೇ ಹೆಮ್ಮೆಯಿಂದ ಹೇಳಿಕೊಳ್ಳುವ ಮನುಷ್ಯ, ಬೇರೆಯವರ ದುಡಿಮೆಯ ಗಂಟೆಯನ್ನು ಇಳಿಸಲು ಕೂತರು. ತನ್ನ ಓದು ತನ್ನದು, ಇನ್ನೊಬ್ಬನ ಬೆವರು ಇನ್ನೊಬ್ಬನದು ಎಂಬ ವಿವೇಕ ಅವರಿಗಿತ್ತು. ಎಪ್ಪತ್ತು ಗಂಟೆ ಅನ್ನುವವರಿಗೆ ಮನೆಯಲ್ಲಿ ಅನ್ನ ಬೇಯಿಸುವವರು ಯಾರು, ಆಫೀಸಿನ ಕಕ್ಕಸು ತೊಳೆಯುವವರು ಯಾರು? ಆ ಹೆಂಗಸಿನ ವಾರ ಆಗಲೇ ಎಂಬತ್ತು ಗಂಟೆ ದಾಟಿರುತ್ತದೆ. ಅವಳೇಕೆ ಗೆದ್ದಿಲ್ಲ?

ಹಸಿ ಸುಳ್ಳು ಹಳೆಯ ಗಾದೆಯೊಳಗೂ ಇರುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಅಂತ ನಾನೇ ಬೋರ್ಡಿನ ಮೇಲೆ ಬರೆಸಿದ್ದೇನೆ. 2018ರ ಜನವರಿಯಲ್ಲಿ ಎಚ್.ಎಸ್.ಆರ್. ಬಡಾವಣೆಯ ಪಕ್ಕದ ಸೋಮಸುಂದರಪಾಳ್ಯದಲ್ಲಿ ಒಂದು ಅಪಾರ್ಟ್‌ಮೆಂಟಿನ ಕೊಳಚೆ ಗುಂಡಿಗೆ ಇಳಿದ ಮೂವರು ಸತ್ತು ಮೇಲೆ ಬಂದರು. ಅವರ ಕೈ ಮಾತ್ರವಲ್ಲ, ಮೈಯೆಲ್ಲ ಕೆಸರಾಗಿತ್ತು. ಅಲ್ಲಿಂದೀಚೆಗೆ ಆ ಗಾದೆಯನ್ನು ಪಾಠ ಮಾಡುವಾಗ, ಕೈ ಯಾರದು, ಬಾಯಿ ಯಾರದು ಅಂತ ಮಕ್ಕಳನ್ನೇ ಕೇಳುತ್ತೇನೆ.

ವಚನಕಾರರ ಕಾಯಕವನ್ನೂ ಈಚೆಗೆ ಮ್ಯಾನೇಜ್‌ಮೆಂಟ್ ಪಾಠಕ್ಕೆ ಎಳೆದು ತಂದಿದ್ದಾರೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ತಂದಲ್ಲಿಗೇ ಸುರಿದು ಬಾ ಎಂದು ವಾಪಸು ಕಳಿಸಿದಳೆಂಬ ಕಥೆಯಿದೆ. ಕಾಯಕದ ಜೊತೆಗೆ ದಾಸೋಹವೂ ಇತ್ತು, ಇಷ್ಟು ಸಾಕು ಎಂಬ ಮಾತೂ ಇತ್ತು. ಟ್ರೈನಿಂಗಿನ ಬೋರ್ಡಿನ ಮೇಲೆ ಮಾರಯ್ಯನ ದುಡಿಮೆ ಉಳಿಯುತ್ತದೆ. ಲಕ್ಕಮ್ಮ ಬಾಗಿಲ ಹೊರಗೇ ನಿಲ್ಲುತ್ತಾಳೆ.

*

1936ರಲ್ಲಿ ಎರಡು ಪುಸ್ತಕ ಬಂದವು. ಅಮೆರಿಕದಲ್ಲಿ ಡೇಲ್ ಕಾರ್ನೆಗಿ ಎಂಬಾತ (ಉಕ್ಕಿನ ಕಾರ್ನೆಗಿ ಬೇರೆ, ಈತ ಬೇರೆ) ಸ್ನೇಹ ಗಳಿಸುವ ಕಲೆಯ ಪುಸ್ತಕ ಬರೆದ. ಇಲ್ಲಿ, ಲಾಹೋರಿನವರು ಕರೆದು ಆಮೇಲೆ ರದ್ದು ಮಾಡಿದ ಭಾಷಣವನ್ನು ಅಂಬೇಡ್ಕರ್ ತಮ್ಮ ಖರ್ಚಿನಲ್ಲೇ ಅಚ್ಚು ಹಾಕಿಸಿದರು: 'ಜಾತಿ ವಿನಾಶ'. ಕಾರ್ನೆಗಿಯ ಪಾಠಗಳಲ್ಲಿ ಮುಖ್ಯವಾದದ್ದು, ಎದುರಿಗಿರುವವನ ಹೆಸರು ನೆನಪಿಟ್ಟುಕೊಂಡು ಕರೆ ಎಂಬುದು. ಒಳ್ಳೆಯ ಪಾಠ. ಆದರೆ ನಮ್ಮ ನೆಲದಲ್ಲಿ ಹೆಸರು ಕೇಳುವುದು ಯಾತಕ್ಕೆ? ವೈಟ್‌ಫೀಲ್ಡಿನಲ್ಲಿ ಬಾಡಿಗೆ ಮನೆ ಕೇಳಲು ಹೋದ ನಮ್ಮ ಹುಡುಗಿಯರನ್ನು ವಿಚಾರಿಸಿ. ಹೆಸರೇನಮ್ಮಾ? ಅಪ್ಪನ ಹೆಸರು? ಯಾವೂರು? ಊರಲ್ಲಿ ಎಲ್ಲಿ? ಮನೇಲಿ ನಾನ್‌ವೆಜ್ ಮಾಡ್ತೀರಾ? ಐದನೇ ಪ್ರಶ್ನೆ ಮುಗಿಯುವ ಹೊತ್ತಿಗೆ ಮನೆ ಬೇರೆ ಯಾರಿಗೋ ಕೊಟ್ಟಾಗಿರುತ್ತದೆ.

ಇದು ಬರೀ ನಮ್ಮ ಅನುಮಾನವಲ್ಲ. ಸುಖದೇವ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ವಿದ್ಯೆ, ಒಂದೇ ಅನುಭವ ತೋರಿಸುವ ಅರ್ಜಿಗಳನ್ನು ಬೇರೆ ಬೇರೆ ಜಾತಿಯ ಹೆಸರು ಹಾಕಿ ಖಾಸಗಿ ಕಂಪನಿಗಳಿಗೆ ಕಳಿಸಿದರು. ದಲಿತ ಹೆಸರಿನ ಅರ್ಜಿಗೆ ಕರೆ ಬರುವ ಸಾಧ್ಯತೆ ಮೇಲ್ಜಾತಿಯ ಹೆಸರಿಗಿಂತ ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆ ಇತ್ತು. 2012ರಲ್ಲಿ ಬಂದ ಇನ್ನೊಂದು ಅಧ್ಯಯನ ದೇಶದ ಸಾವಿರ ದೊಡ್ಡ ಕಂಪನಿಗಳ ಆಡಳಿತ ಮಂಡಳಿಗಳನ್ನು ಎಣಿಸಿತು. ಅಲ್ಲಿ ಕೂತವರಲ್ಲಿ ನೂರಕ್ಕೆ 93 ಜನ ಮೇಲ್ಜಾತಿಯವರು. ಪರಿಶಿಷ್ಟ ಜಾತಿ, ಪಂಗಡ ಎರಡೂ ಸೇರಿ ನೂರಕ್ಕೆ 3.5. ನೆಟ್‌ವರ್ಕ್ ಬೆಳೆಸಿಕೊಳ್ಳಿ ಅಂತ ಗೆಲುವಿನ ಪುಸ್ತಕ ಹೇಳುತ್ತದಲ್ಲ, ಆ ನೆಟ್‌ವರ್ಕಿಗೆ ನಮ್ಮ ಅಜ್ಜಂದಿರ ಭಾಷೆಯಲ್ಲಿ ಜಾತಿ ಅಂತ ಹೆಸರು.

ಬಾಬಾಸಾಹೇಬರು ವ್ಯಾಪಾರವನ್ನೂ ಮಾಡಿ ನೋಡಿದವರು ಎಂಬುದು ಎಷ್ಟು ಜನಕ್ಕೆ ಗೊತ್ತು? ಕೊಲಂಬಿಯಾದಲ್ಲಿ ಅರ್ಥಶಾಸ್ತ್ರ ಓದಿ ಬಂದು, ಬರೋಡದಲ್ಲಿ ಇರಲು ಸೂರು ಸಿಗದೆ ಬೊಂಬಾಯಿಗೆ ಮರಳಿದ ಮೇಲೆ, ಷೇರು ವ್ಯವಹಾರದ ಸಲಹೆ ಕೊಡುವ ಒಂದು ಸಂಸ್ಥೆ ತೆರೆದರು. ವಿದ್ಯೆ ಇತ್ತು. ಇಂಗ್ಲಿಷ್ ಇತ್ತು. ಶ್ರಮ, ಶಿಸ್ತು, ಸೂಟು ಎಲ್ಲ ಇತ್ತು. ಗಿರಾಕಿಗಳೂ ಬಂದರು. ಸಲಹೆ ಕೊಡುವವನು ಅಸ್ಪೃಶ್ಯ ಅಂತ ಗೊತ್ತಾದ ಮೇಲೆ ನಿಂತರು. ಅಂಗಡಿ ಮುಚ್ಚಿತು. ಗೆಲುವಿನ ಪುಸ್ತಕ ಬರೆಯುವವರು ಈ ಒಂದು ಘಟನೆಗೆ ಉತ್ತರ ಹೇಳಲಿ: ಅಂಬೇಡ್ಕರಲ್ಲಿ ಯಾವ ಗುಣ ಕಡಿಮೆ ಇತ್ತು? ಯಾವ ಆಲೋಚನೆ ತಪ್ಪಿತ್ತು?

*

ತಾಳ್ಮೆ, ಉಳಿತಾಯ, ನಾಳೆಯ ಚಿಂತೆ, ಇವು ಬಡವರಿಗೆ ಗೊತ್ತಿಲ್ಲ ಎಂಬುದು ಈ ಪುಸ್ತಕಗಳ ಇನ್ನೊಂದು ಗುಪ್ತ ನಂಬಿಕೆ. 2016ರ ಏಪ್ರಿಲ್ 18 ಮತ್ತು 19 ನೆನಪು ಮಾಡಿಕೊಳ್ಳಿ. ಆ ವರ್ಷ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿ.ಎಫ್. ನಿಯಮ ಬದಲಿಸಿ, ಮಾಲೀಕನ ಪಾಲಿನ ಹಣವನ್ನು 58 ವರ್ಷ ಆಗುವವರೆಗೆ ತೆಗೆಯಬಾರದು ಅಂದಿತ್ತು. ಗಾರ್ಮೆಂಟ್ ಹೆಂಗಸರು ಬೊಮ್ಮನಹಳ್ಳಿಯಲ್ಲಿ, ಪೀಣ್ಯದಲ್ಲಿ, ಜಾಲಹಳ್ಳಿ ಕ್ರಾಸಿನಲ್ಲಿ ಸಾವಿರಾರು ಸಂಖ್ಯೆಯಲ್ಲಿ ರಸ್ತೆಗೆ ಇಳಿದರು. ಯಾವ ದೊಡ್ಡ ನಾಯಕನೂ ಕರೆ ಕೊಟ್ಟಿರಲಿಲ್ಲ. ಹೊಸೂರು ರಸ್ತೆ, ತುಮಕೂರು ರಸ್ತೆ ಎರಡೂ ನಿಂತವು. ಲಾಠಿ ಬಿತ್ತು, ಬಸ್ಸು ಉರಿದವು. ಎರಡನೇ ದಿನ ಸಂಜೆಗೆ ದೆಹಲಿಯ ಸರ್ಕಾರ ಆದೇಶವನ್ನು ಹಿಂದಕ್ಕೆ ತೆಗೆದುಕೊಂಡಿತು.

ನಲವತ್ತು ದಾಟುವ ಮೊದಲೇ ಕಣ್ಣು, ಬೆನ್ನು ಕೈಕೊಟ್ಟು ಮಿಷಿನ್ ಬಿಡುವ ಹೆಂಗಸಿಗೆ 58 ಅಂದರೆ ಏನು? ಮಗಳ ಫೀಸಿಗೆ, ಮನೆಯ ಪಾಯಕ್ಕೆ ಪೈಸೆ ಪೈಸೆ ಲೆಕ್ಕ ಇಟ್ಟಿದ್ದವರು ಅವರು. ತಮ್ಮ ದುಡ್ಡು ಎಷ್ಟಿದೆ, ಎಲ್ಲಿದೆ, ಯಾವಾಗ ಬೇಕು ಎಂಬುದು ಅವರಿಗೆ ಅಂಗೈ ಗೆರೆಯಷ್ಟು ಸ್ಪಷ್ಟವಿತ್ತು. ಹಣಕಾಸಿನ ವಿವೇಕ ಎಂದು ಪುಸ್ತಕಗಳು ಕರೆಯುವುದು ಇದನ್ನೇ ಅಲ್ಲವಾ? ಆದರೂ ಯಾವ ಗೆಲುವಿನ ಪುಸ್ತಕದಲ್ಲೂ ಅವರ ಕಥೆಗೆ ಒಂದು ಅಧ್ಯಾಯ ಸಿಗಲಿಲ್ಲ. ಯಾಕೆಂದರೆ ಅವರು ಗೆದ್ದದ್ದು ಒಬ್ಬೊಬ್ಬರಾಗಿ ಅಲ್ಲ.

*

ಇಷ್ಟು ಬೈದ ಮೇಲೆ ನಮ್ಮನ್ನೂ ಬೈದುಕೊಳ್ಳಬೇಕು. ಹುಡುಗ ಆ ಪುಸ್ತಕಕ್ಕೆ ಕೈಚಾಚಿದ್ದು ಯಾಕೆ? ಅವನಿಗೆ ಮುಂದೆ ಬರಬೇಕು. ಒಂದು ಲೇತ್ ಹಾಕಬೇಕು, ಸ್ವಂತ ಶಾಪ್ ಮಾಡಬೇಕು, ಅವ್ವನಿಗೆ ತಾರಸಿ ಮನೆ ಕಟ್ಟಿಸಬೇಕು. ಈ ಆಸೆಯನ್ನು ಮಧ್ಯಮವರ್ಗದ ಚಪಲ ಅಂತ ನಾವು ಜರಿದೆವು. ಬಡತನವನ್ನು ಹಾಡಿ ಹೊಗಳುವ ಹಕ್ಕು ಹೊಟ್ಟೆ ತುಂಬಿದವರಿಗೆ ಬೇಕಾದರೆ ಇರಲಿ, ನಮಗೆ ಬೇಡ. ನಾವು ಅವನಿಗೆ ಕೊಟ್ಟದ್ದು ಕ್ರಾಂತಿಗೀತೆ. ಅದು ಮೆರವಣಿಗೆಯ ದಿನಕ್ಕೆ ಆಗುತ್ತದೆ. ಸೋಮವಾರ ಬೆಳಿಗ್ಗೆ ಆರೂವರೆಗೆ ಬಸ್ಸು ಹತ್ತುವವನಿಗೆ ನಾವು ಕೊಟ್ಟದ್ದೇನು? ಆ ಖಾಲಿ ಜಾಗದಲ್ಲಿ ಫುಟ್‌ಪಾತಿನ ಪುಸ್ತಕ ಬಂದು ಕೂತಿತು.

ದಿನನಿತ್ಯದ ಪಾಠ ಬೇಕು ತಾನೆ? ನಮ್ಮಲ್ಲೂ ಇವೆ. ಸೇರಿದ ತಿಂಗಳೇ ಇ.ಎಸ್.ಐ. ನಂಬರ್ ಕೇಳು. 2017ರಲ್ಲಿ ತಿಂಗಳಿಗೆ 21,000 ರೂಪಾಯಿಗೆ ಏರಿಸಿದ ಸಂಬಳದ ಮಿತಿಯೊಳಗೆ ಇದ್ದರೆ ಅದು ನಿನ್ನ ಹಕ್ಕು. ಕಂಟ್ರಾಕ್ಟರ್ ನೋಂದಾಯಿಸದೆ ಬಿಟ್ಟರೆ ಅದು ಅವನ ತಪ್ಪು, ಅದರಿಂದ ನಿನ್ನ ಹಕ್ಕು ಸಾಯುವುದಿಲ್ಲ. ಹಾಜರಿಯನ್ನು ನಿನ್ನ ಪುಸ್ತಕದಲ್ಲೂ ಬರೆದಿಟ್ಟುಕೋ. ನೀನೇ ಶಾಪ್ ಹಾಕಿದರೆ, 2006ರ ಸಣ್ಣ ಕೈಗಾರಿಕೆಗಳ ಕಾಯಿದೆಯ ಪ್ರಕಾರ ನೋಂದಾಯಿಸಿಕೊಂಡ ಸಣ್ಣ ಘಟಕಕ್ಕೆ ದೊಡ್ಡ ಕಂಪನಿ 45 ದಿನದೊಳಗೆ ಬಿಲ್ಲಿನ ಹಣ ಕೊಡಬೇಕು ಎಂದು ತಿಳಿದಿರು. ಕೇಂದ್ರದ ಇಲಾಖೆಗಳು, ಸಾರ್ವಜನಿಕ ಉದ್ದಿಮೆಗಳು ಕೊಳ್ಳುವುದರಲ್ಲಿ ನೂರಕ್ಕೆ 4 ಪಾಲು ಪರಿಶಿಷ್ಟರ ಸಣ್ಣ ಘಟಕಗಳಿಂದ ಆಗಬೇಕೆಂದು 2012ರ ನೀತಿ ಹೇಳಿತು. ಬಹಳ ಕಾಲ ಅದು ನೂರಕ್ಕೆ ಒಂದರ ಆಸುಪಾಸಿನಲ್ಲೇ ತೆವಳಿತು. ಯಾಕೆ ಅಂತ ಕೇಳುವುದೂ ವ್ಯಾಪಾರದ ಪಾಠವೇ. ನಮ್ಮ ರಾಜ್ಯದಲ್ಲಿ ಸರ್ಕಾರಿ ಕಾಮಗಾರಿಗಳ ಗುತ್ತಿಗೆಯಲ್ಲಿ ಪರಿಶಿಷ್ಟರಿಗೆ 2017ರಲ್ಲಿ 50 ಲಕ್ಷ ರೂಪಾಯಿವರೆಗೆ ಮೀಸಲಾತಿ ಬಂತು, 2023ರಲ್ಲಿ ಅದು ಒಂದು ಕೋಟಿಗೆ ಏರಿತು. ಇದು ಯಾರ ಸಕಾರಾತ್ಮಕ ಚಿಂತನೆಯಿಂದಲೂ ಬರಲಿಲ್ಲ. ಕೇಳಿದ್ದರಿಂದ ಬಂತು.

ಒಬ್ಬನೇ ಓದಿದರೆ ಇವೂ ಬರೀ ಮಾಹಿತಿ. ಲೀಡ್ಸಿನ ಆ ಹುಡುಗರ ಹಾಗೆ ಹತ್ತು ಜನ ಒಂದು ರೂಮಿನಲ್ಲಿ ಕೂತು ಓದಿದರೆ ಬಲ. ಹಳ್ಳಿಯ ಮೇಷ್ಟರುಗಳು, ಹಾಸ್ಟೆಲಿನ ವಿದ್ಯಾರ್ಥಿಗಳು, ಸಂಘಟನೆಯ ಗೆಳೆಯರು ವಾರಕ್ಕೊಂದು ಸಂಜೆ ಇದಕ್ಕೆ ಕೊಡಲು ಆಗದಷ್ಟು ಬಡವರೇನೂ ಅಲ್ಲ.

ಹಬ್ಬ ಮುಗಿಸಿ ಹೊರಡುವ ದಿನ ಹುಡುಗ ಪುಸ್ತಕ ವಾಪಸು ತಗೊಂಡು ಹೋಗಲು ಬಂದ. "ಹೆಂಗಿತ್ತು ಸಾ?" ಅಂದ. ಭಾಷಣ ಮಾಡುವ ಆಸೆಯನ್ನು ಕಷ್ಟಪಟ್ಟು ತಡೆದೆ. ಒಂದೇ ಒಂದು ಪ್ರಶ್ನೆ ಕೇಳಿದೆ: "ನಿನಗಿಂತ ಮುಂಚೆ ಆ ಪ್ರೆಸ್ಸಲ್ಲಿ ಕೆಲಸ ಮಾಡ್ತಿದ್ದವರು ಯಾರಪ್ಪ?"

ಅವನು ಉಳಿದ ಬೆರಳುಗಳಲ್ಲಿ ಎಣಿಸತೊಡಗಿದ. ರಾಯಚೂರಿನ ಕಡೆಯವನೊಬ್ಬ, ಅವನಿಗೆ ಹೆಬ್ಬೆರಳು. ಬಿಹಾರದವನೊಬ್ಬ, ಅವನಿಗೆ ಎರಡು. ಕುಣಿಗಲ್ಲಿನವನು, ಒಂದು ತುದಿ. ಅಷ್ಟಕ್ಕೆ ಎಣಿಸುವುದನ್ನು ನಿಲ್ಲಿಸಿದ. "ಅದಕ್ಕೆ ಗಾರ್ಡೇ ಇಲ್ಲ ಸಾ. ಪೀಸು ಕಮ್ಮಿ ಬೀಳ್ತದೆ ಅಂತ ಬಿಚ್ಚಾಕವ್ರೆ." ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ: "ನಾಲ್ಕು ಜನಕ್ಕೂ ಏಕಾಗ್ರತೆ ಇರ್ಲಿಲ್ವಾ ಸಾ?"

1923ರ ಕಾರ್ಮಿಕ ಪರಿಹಾರದ ಕಾಯಿದೆಯ ಪಟ್ಟಿಯಲ್ಲಿ ಒಂದು ಕೈಯ ಎರಡು ಬೆರಳು ಹೋದದ್ದಕ್ಕೆ ದುಡಿಮೆಯ ಶಕ್ತಿ ನೂರಕ್ಕೆ 20 ನಷ್ಟ ಎಂದು ಲೆಕ್ಕ ಹಾಕಿದ ಒಂದು ಸಾಲು ಇತ್ತು. ಆ ಒಣ ಪಟ್ಟಿಗೆ ಅವನ ಬೆರಳು ಕಂಡಿತ್ತು. ಮುನ್ನೂರು ಪುಟದ ಗೆಲುವಿನ ಪುಸ್ತಕಕ್ಕೆ ಕಂಡಿರಲಿಲ್ಲ. ಆ ಸಾಲನ್ನು ಒಂದು ಚೀಟಿಯಲ್ಲಿ ಬರೆದು, ಅವನು "ಬೆರಳು" ಅಂತ ಬರೆದಿದ್ದ ಪುಟದಲ್ಲೇ ಇಟ್ಟುಕೊಟ್ಟೆ. ಉಳಿದ ಮೂವರ ಫೋನ್ ನಂಬರು ಹುಡುಕುತ್ತೇನೆ ಅಂತ ಹೇಳಿ ಬಸ್ಸು ಹತ್ತಿದ.